ಬಿಳಿಗಾರ, ಬೋರಾನ್ ಮತ್ತು ನಮ್ಮ ಮನೆ

ಇವತ್ತಿನ ವಿಷಯ ಬೋರಾನ್. ಹೆಸರು ಹೊಸದು ಅನಿಸಬಹುದು, ಆದರೆ ವಸ್ತು ನಿಮ್ಮ ಮನೆಯಲ್ಲೇ ಇದೆ.

ಊರಿನಿಂದ ಬಾಣಂತನಕ್ಕೆ ಬರುವ ಅಜ್ಜಿಯರ ಚೀಲದಲ್ಲಿ ಬಜೆ, ಜಾಯಿಕಾಯಿಗಳ ಜೊತೆ ಒಂದು ಪೊಟ್ಟಣ ಬಿಳಿಗಾರವೂ ಇರುತ್ತದೆ. (ಇಲ್ಲಿನ ಅಂಗಡಿಯಲ್ಲಿ ಅದಕ್ಕೆ ಸುಹಾಗಾ ಎನ್ನುತ್ತಾರೆ. ಫಿಟ್ಕರಿ ಬೇರೆ, ಅದು ಪಟಿಕ.) ಮಗುವಿನ ನಾಲಿಗೆ ಬೆಳ್ಳಗಾದರೆ, ಬಾಯಿಹುಣ್ಣಾದರೆ ಬಿಳಿಗಾರ ಅರಳಿಸಿ ಜೇನಿನಲ್ಲಿ ಕಲಸಿ ಹಚ್ಚುವುದು ಹಳೆಯ ರೂಢಿ. ದಯವಿಟ್ಟು ಹಚ್ಚಬೇಡಿ.

ಬಿಳಿಗಾರ ಎಂದರೆ ಬೋರಾಕ್ಸ್. ಕಾವಲಿಯ ಮೇಲೆ ಅರಳಿಸಿದರೆ ದೋಷ ಹೋಗುತ್ತದೆ ಎಂಬ ನಂಬಿಕೆಯಿದೆ. ಹೋಗುವುದು ನೀರಿನಂಶ ಮಾತ್ರ. ಬೋರಾನ್ ಅಲ್ಲೇ ಉಳಿಯುತ್ತದೆ. ತೂಕದಲ್ಲಿ ಶೇ. 11ರಷ್ಟಿದ್ದದ್ದು ನೀರು ಪೂರ್ತಿ ಹೋದಾಗ ಶೇ. 21 ದಾಟುತ್ತದೆ! ಬೋರಾನ್ ಮೂತ್ರದಲ್ಲಿ ಹೊರಹೋಗಬೇಕು. ಎಳೆಯ ಮೂತ್ರಪಿಂಡಕ್ಕೆ ಆ ಶಕ್ತಿ ಕಡಿಮೆ, ಹಾಗಾಗಿ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಬೋರಾಕ್ಸ್ ಮತ್ತು ಜೇನು ಹಚ್ಚಿದ ನಿಪ್ಪಲ್ ಚೀಪುತ್ತಿದ್ದ 7 ಶಿಶುಗಳಿಗೆ ಫಿಟ್ಸ್ ಬಂದದ್ದು 1983ರಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾಗಿತ್ತು. ಹಚ್ಚುವುದು ನಿಲ್ಲಿಸಿದ ಮೇಲೆ ಫಿಟ್ಸೂ ನಿಂತಿತು. ವರ್ಷ ತುಂಬದ ಮಗುವಿಗೆ ಜೇನೂ ಬೇಡ. ಅಜ್ಜಿಯ ಮನಸ್ಸು ನೋಯಿಸದೆ, ಮಕ್ಕಳ ಡಾಕ್ಟರ್ ಬಾಯಿಂದಲೇ ಹೇಳಿಸಿ.

ಹಾಗೆಂದು ಊಟದ ಬೋರಾನ್‌ಗೆ ಹೆದರಬೇಡಿ. ಒಣದ್ರಾಕ್ಷಿ, ಕಡಲೆಕಾಯಿ, ಬಾದಾಮಿ, ಸೇಬು ಇವುಗಳಲ್ಲೆಲ್ಲ ಸಹಜವಾಗಿಯೇ ಇದೆ. ದಿನಕ್ಕೆ 1ರಿಂದ 3 ಮಿಲಿಗ್ರಾಂ ಹೊಟ್ಟೆಗೆ ಹೋಗುತ್ತದೆ, ತೊಂದರೆಯಿಲ್ಲ. ದೊಡ್ಡವರಿಗೆ ಅಮೆರಿಕದ ತಜ್ಞರು ಇಟ್ಟಿರುವ ಗರಿಷ್ಠ ಮಿತಿ 20 ಮಿಲಿಗ್ರಾಂ. ಮಂಡಿನೋವಿಗೆ ಬೋರಾಕ್ಸ್ ನೀರು ಕುಡಿಯಿರಿ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಒಂದೇ ಗ್ರಾಂ ಬೋರಾಕ್ಸಿನಲ್ಲಿ 110 ಮಿಲಿಗ್ರಾಂಗೂ ಹೆಚ್ಚು ಬೋರಾನ್ ಇರುತ್ತದೆ. ಆ ಮೆಸೇಜ್ ಅಳಿಸಿಬಿಡಿ.

ಇನ್ನು ನೀರು. ಟ್ಯಾಂಕರ್, ಬೋರ್‌ವೆಲ್ ನೀರು ಬಳಸುವವರು ಟಿಡಿಎಸ್ ಮೀಟರ್ ನೋಡಿ ಸಮಾಧಾನಪಡುತ್ತಾರೆ. ಆ ಮೀಟರ್ ಬೋರಾನನ್ನು ಬೇರೆಯಾಗಿ ತೋರಿಸುವುದಿಲ್ಲ, ಕುದಿಸಿದರೆ ಅದು ಹೋಗುವುದಿಲ್ಲ, ಆರ್‌ಒ ಕೂಡ ಪೂರ್ತಿ ತಡೆಯುವುದಿಲ್ಲ. ಲ್ಯಾಬಿಗೆ ನೀರು ಕೊಡುವಾಗ ಬೋರಾನ್ ಎಂದು ಹೆಸರು ಹೇಳಿಯೇ ಕೇಳಿ. ಭಾರತೀಯ ಮಾನಕದಲ್ಲಿ ಅಪೇಕ್ಷಿತ ಮಿತಿ ಲೀಟರಿಗೆ 0.5 ಮಿಲಿಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2.4.

ಕೇರಂ ಪೌಡರ್ ಹಲವು ಸಲ ಬೋರಿಕ್ ಆಸಿಡ್ಡೇ. ಆಟ ಮುಗಿದ ಮೇಲೆ ಮಕ್ಕಳ ಕೈ ತೊಳೆಸಿ. ಜಿರಲೆಗೆ ಗೋಧಿಹಿಟ್ಟು, ಸಕ್ಕರೆ ಸೇರಿಸಿ ಮಾಡುವ ಉಂಡೆಯಲ್ಲೂ ಅದೇ ಇದೆ. ಅಂಬೆಗಾಲಿಡುವ ಮಗುವಿಗೆ ಅದು ತಿಂಡಿಯಂತೆ ಕಾಣುತ್ತದೆ, ನೆನಪಿರಲಿ.

ಮಗು ನುಂಗಿದರೆ ವಾಂತಿ ಮಾಡಿಸಲು ಹೋಗಬೇಡಿ. ವಾಂತಿ, ಭೇದಿ, ಮೈಯೆಲ್ಲ ಕೆಂಪಾಗುವುದು, ಫಿಟ್ಸ್ ಇದರ ಲಕ್ಷಣಗಳು. ಲಕ್ಷಣಕ್ಕೆ ಕಾಯದೆ ಪೊಟ್ಟಣದ ಸಮೇತ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೇ ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಬಹುದು: 1800 116 117. ಹಗಲು ರಾತ್ರಿ ಇರುತ್ತಾರೆ.