ಬೆಕ್ಕಿಗೆ ಮನೆಯ ಫಿನೈಲಿನಿಂದ ಅಪಾಯ

ಜೋಳದ ಚೀಲ, ಶೇಂಗಾ ಬೀಜ ಇರುವ ಮನೆಗೆ ಬೆಕ್ಕು ಬೇಕೇ ಬೇಕು. ಇಳಕಲ್ಲಿನ ನೇಕಾರರ ಮನೆಯಲ್ಲಿಯೂ ಬೇಕು, ಗಂಜಿ ಹಾಕಿದ ನೂಲಿಗೆ ಇಲಿ ಬಾಯಿ ಹಾಕದೆ ಬಿಡುವುದಿಲ್ಲ. ಇಂಥ ಬೆಕ್ಕು ಒಂದು ದಿನ ಜೊಲ್ಲು ಸುರಿಸುತ್ತ, ತೂರಾಡುತ್ತ ಸತ್ತರೆ ಹಾವು ಕಚ್ಚಿತೆಂದೋ, ನೆರೆಯವರು ವಿಷವಿಟ್ಟರೆಂದೋ ತಿಳಿಯುತ್ತೇವೆ. ನೆಲ ಒರೆಸಿದ ಬಕೆಟ್ಟಿನ ಕಡೆಗೆ ಯಾರ ಲಕ್ಷ್ಯವೂ ಹೋಗುವುದಿಲ್ಲ.

ಬಾದಾಮಿ, ಹುನಗುಂದ ಭಾಗದ ಮಣ್ಣಿನ ನೆಲದ ಮನೆಗಳನ್ನು ಸೆಗಣಿಯಿಂದ ಸಾರಿಸುತ್ತಿದ್ದರು. ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದವರು ಹೊಸ ಮನೆ ಕಟ್ಟಿಕೊಂಡರು. ಈಗ ಹಳ್ಳಿಗಳಲ್ಲಿಯೂ ಟೈಲ್ಸಿನ ನೆಲ ಬಂದಿದೆ, ಅದರ ಹಿಂದೆಯೇ ಫಿನೈಲಿನ ಬಾಟಲಿಯೂ ಬಂದಿದೆ. ದನದ ಕೊಟ್ಟಿಗೆ ತೊಳೆಯಲೂ ಅದನ್ನೇ ಬಳಸುತ್ತೇವೆ.

ನೀರಿಗೆ ಸುರಿದೊಡನೆ ಹಾಲಿನಂತೆ ಬೆಳ್ಳಗಾಗುವ ಕಪ್ಪು ಫಿನೈಲನ್ನು ನೀವು ನೋಡಿದ್ದೀರಿ. ಅದರಲ್ಲಿರುವುದು ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಫಿನಾಲ್ ಜಾತಿಯ ಪದಾರ್ಥಗಳು. ಇವು ಮೈ ಸೇರಿದರೆ ಮನುಷ್ಯನ ಅಥವಾ ನಾಯಿಯ ಯಕೃತ್ತು ಅವನ್ನು ಗ್ಲೂಕುರಾನಿಕ್ ಆಮ್ಲದೊಡನೆ ಕೂಡಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಈ ಶಕ್ತಿ ಬಹಳ ಕಡಿಮೆ. ಆದ್ದರಿಂದ ನಾಯಿ ತಾಳಿಕೊಳ್ಳುವ ಪ್ರಮಾಣವೇ ಬೆಕ್ಕಿಗೆ ಮಾರಕವಾಗಬಹುದು. ಜ್ವರದ ಪ್ಯಾರಸಿಟಮಾಲ್ ಗುಳಿಗೆ ಒಂದೇ ಆದರೂ ಬೆಕ್ಕನ್ನು ಕೊಲ್ಲಬಲ್ಲದು. ಮರೆತೂ ಕೊಡಬೇಡಿರಿ.

ಬೆಕ್ಕು ಬೇಕೆಂದು ಫಿನೈಲು ಕುಡಿಯುವುದಿಲ್ಲ. ಹಸಿ ನೆಲದ ಮೇಲೆ ನಡೆದು, ಮೂಲೆಯಲ್ಲಿ ಕುಳಿತು ಪಾದ ನೆಕ್ಕಿಕೊಳ್ಳುತ್ತದೆ. ಆಗ ವಿಷ ಹೊಟ್ಟೆ ಸೇರುತ್ತದೆ, ಚರ್ಮದಿಂದಲೂ ಒಳಗಿಳಿಯುತ್ತದೆ. ಬೇಸಿಗೆಯಲ್ಲಿ ಬಾಯಾರಿದರೆ ಒರೆಸುವ ಬಕೆಟ್ಟಿಗೂ ಬಾಯಿ ಹಾಕಬಹುದು. ಆದುದರಿಂದ ಕೆಲಸ ಮುಗಿದ ಕೂಡಲೇ ಆ ನೀರನ್ನು ಚೆಲ್ಲಿರಿ, ಬೆಕ್ಕಿಗೆಂದು ಬೇರೆ ಬಟ್ಟಲಿನಲ್ಲಿ ನೀರಿಡಿರಿ. ನೆಲ ಪೂರ್ತಿ ಒಣಗುವವರೆಗೆ ಅದನ್ನು ಬೇರೆ ಕೋಣೆಯಲ್ಲಿ ಕೂಡಿಹಾಕಿರಿ. ದಿನನಿತ್ಯದ ನೆಲಕ್ಕೆ ಸಾಬೂನಿನ ಬಿಸಿನೀರು ಸಾಕು. ಹೆಚ್ಚು ಸುರಿದರೆ ಹೆಚ್ಚು ಸ್ವಚ್ಛ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ, ಅದು ತಪ್ಪು.

ಬಿಳಿ ಫಿನೈಲು ನಿರಪಾಯಕಾರಿ ಎಂದು ತಿಳಿಯಬೇಡಿರಿ. ಬೆಂಝಾಲ್ಕೋನಿಯಂ ಕ್ಲೋರೈಡ್ ಎಂದು ಬರೆದಿರುವ ದ್ರಾವಣ ತಾಗಿದರೆ ನಾಲಿಗೆ ಹುಣ್ಣಾಗಿ ಬೆಕ್ಕು ಮೇವು ಬಿಡುತ್ತದೆ. ನೂಲಿಗೆ ಬಣ್ಣ ಹಾಕುವ ಮನೆಗಳಲ್ಲಿ ಕಾಸ್ಟಿಕ್ ಸೋಡಾದ ನೀರನ್ನು ತೆರೆದಿಡಬಾರದು. ಸೀರೆಯ ಟ್ರಂಕಿನಲ್ಲಿ ಡಾಂಬರ ಗುಳಿಗೆಯ ಬದಲು ಒಣಗಿಸಿದ ಬೇವಿನ ಎಲೆ ಹಾಕುವುದು ಲೇಸು.

ಬೆಕ್ಕಿನ ಮೈಗೆ ಫಿನೈಲು ತಾಗಿದ್ದು ಕಂಡರೆ ಲಕ್ಷಣಗಳಿಗಾಗಿ ಕಾಯಬೇಡಿರಿ. ನೆಕ್ಕದಂತೆ ಹಿಡಿದು ಉಗುರು ಬೆಚ್ಚಗಿನ ನೀರು, ಮೈಸಾಬೂನಿನಿಂದ ತೊಳೆದು ಬಟ್ಟೆಯಲ್ಲಿ ಸುತ್ತಿರಿ. ಸೀಮೆಎಣ್ಣೆಯಿಂದ ಒರೆಸುವುದು ಬೇಡ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ ಬೇಡ, ಬಾಯಿ ಗಂಟಲು ಎರಡನೆಯ ಸಲ ಸುಡುತ್ತವೆ. ಜೊಲ್ಲು, ನಡುಕ, ಏದುಸಿರು ಕಂಡರೆ ತಡಮಾಡದೆ ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಬಾಟಲಿಯನ್ನೂ ಜೊತೆಗೆ ಕೊಂಡೊಯ್ಯಿರಿ. ಅದರ ಚೀಟಿ ನೋಡಿ ಪಶುವೈದ್ಯರು ಯಾವ ಪದಾರ್ಥವೆಂದು ತಿಳಿದು ಚಿಕಿತ್ಸೆ ನೀಡುತ್ತಾರೆ.