ಪ್ರೋಟೀನಿಗೂ ಬಾಗಿಲು ಬೇಕು: ಸೆಕ್61ಎ1 ವಂಶವಾಹಿ

ತರಗತಿ: ದ್ವಿತೀಯ ಪಿಯುಸಿ, ಜೀವಶಾಸ್ತ್ರ
ಪೂರ್ವಜ್ಞಾನ: ರೈಬೋಸೋಮಿನಲ್ಲಿ ಪ್ರೋಟೀನ್ ಸಂಶ್ಲೇಷಣೆ

ಉದ್ದೇಶ: ಪಾಠವನ್ನು ಸಂಶ್ಲೇಷಣೆಗೇ ನಿಲ್ಲಿಸಿದರೆ, ಪ್ರೋಟೀನ್ ತಯಾರಾದರೆ ಸಾಕು ಎಂಬ ಅರೆ ತಿಳಿವಳಿಕೆ ಉಳಿಯುತ್ತದೆ. ಅದು ಸರಿಯಾದ ಜಾಗ ಸೇರಬೇಕೆಂಬುದನ್ನು ವಿದ್ಯಾರ್ಥಿಗಳು ಇನ್ಸುಲಿನ್ ಉದಾಹರಣೆಯಿಂದ ಕಂಡುಕೊಳ್ಳುವರು.

ವಿಷಯ ನಿರೂಪಣೆ: ಇನ್ಸುಲಿನ್ ವಂಶವಾಹಿ 11ನೇ ವರ್ಣತಂತುವಿನಲ್ಲಿದೆ. ಅದರ ಮೊದಲ ಉತ್ಪನ್ನ 110 ಅಮೈನೋ ಆಮ್ಲಗಳ ಸರಪಳಿ. ಆರಂಭದ 24 ವಿಳಾಸದ ಚೀಟಿಯಿದ್ದಂತೆ. ಸರಪಳಿಯನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಪೊರೆಗೆ ಕರೆದೊಯ್ಯುತ್ತವೆ. ಅಲ್ಲಿರುವ ಬಾಗಿಲಿನ ಮುಖ್ಯ ಭಾಗವನ್ನು ರೂಪಿಸುವುದು 3ನೇ ವರ್ಣತಂತುವಿನ ಸೆಕ್61ಎ1. ಇಂಥ ವಿಳಾಸ ಸಂಕೇತಗಳ ಶೋಧಕ್ಕಾಗಿ ಗುಂಟರ್ ಬ್ಲೋಬೆಲ್ 1999ರಲ್ಲಿ ನೊಬೆಲ್ ಪಡೆದರು.

ಚಟುವಟಿಕೆ: ಚೌಕಳಿ ಹಾಳೆಯಿಂದ 110 ಚೌಕಗಳ ಪಟ್ಟಿ ಮಾಡಿ, ಮೊದಲ 24ಕ್ಕೆ ಬಣ್ಣ ಹಚ್ಚಿಸಿ. ರಟ್ಟಿನ ಸೀಳಿನಲ್ಲಿ ತೂರಿಸಿ, ಆಚೆ ಬಂದ ಬಣ್ಣದ ಭಾಗ ಕತ್ತರಿಸಿ. ಉಳಿದ 86ರಲ್ಲಿ ನಡುವಿನ 35 ತೆಗೆದರೆ 51 ಅಮೈನೋ ಆಮ್ಲಗಳ ಇನ್ಸುಲಿನ್.

ಸೂಚನೆ: ಕೆಲವರು ಪಟ್ಟಿಯನ್ನು ಮಡಚಿ ತೂರಿಸಲು ನೋಡುತ್ತಾರೆ. ತಡೆಯಬೇಡಿ, ಸಿಕ್ಕಿಕೊಳ್ಳಲಿ. ಸರಪಳಿ ಮಡಚಿಕೊಳ್ಳುವ ಮೊದಲೇ, ತಯಾರಾಗುತ್ತಿರುವಾಗಲೇ ಏಕೆ ಒಳಸೇರುತ್ತದೆಂಬ ಪ್ರಶ್ನೆಗೆ ಅದೇ ಪೀಠಿಕೆ.

ಮೌಲ್ಯಮಾಪನ:
1. ಬಣ್ಣದ ಚೌಕಗಳಲ್ಲಿ ದೋಷವಿದ್ದರೆ? (ಆ ಒಂದು ಪ್ರೋಟೀನಿಗೆ ತೊಂದರೆ, ಇನ್ಸುಲಿನ್‌ನಲ್ಲಾದರೆ ಮಧುಮೇಹ ಬರಬಹುದು.)
2. ಸೀಳೇ ಕೆಟ್ಟರೆ? (ಅದನ್ನು ಬಳಸುವ ಹಲವು ಪ್ರೋಟೀನುಗಳಿಗೆ ತೊಂದರೆ. ಸೆಕ್61ಎ1ರ ಕೆಲವು ದೋಷಗಳಿಂದ ಮೂತ್ರಪಿಂಡದ ಕಾಯಿಲೆ, ರಕ್ತಹೀನತೆ ಬರುತ್ತವೆ.)

ಎರಡೂ ಉತ್ತರಗಳ ವ್ಯತ್ಯಾಸವನ್ನು ವಿದ್ಯಾರ್ಥಿ ತನ್ನ ಮಾತಿನಲ್ಲೇ ವಿವರಿಸಿದರೆ ಪಾಠದ ಉದ್ದೇಶ ಈಡೇರಿದಂತೆ.