ದಣಿದ ಸಂಜೆಯ ಊಟ: ಮಿತವ್ಯಯದ ಒಂದು ಪಾಠ



ಉಳಿತಾಯವೆಂದರೆ ಹೊಟ್ಟೆ ಕಟ್ಟುವುದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಗಿರಣಿಯಲ್ಲಿ ಹಾಜರಿ ಬರೆಯುವ ಗುಮಾಸ್ತನಾದ ನಾನೂ ಹಾಗೆಯೇ ತಿಳಿದಿದ್ದೆ. ಬೆಳಗಿನ ತಿಂಡಿ ಬಿಟ್ಟು ಬರಿಯ ಚಹದ ಮೇಲೆ ಮಧ್ಯಾಹ್ನದವರೆಗೆ ದಿನ ತಳ್ಳುತ್ತಿದ್ದೆ. ಆದರೂ ತಿಂಗಳ ಕೊನೆಗೆ ಕೈ ಬರಿದೇ. ನೂರಾರು ಜನರ ಹಾಜರಿ ಬರೆಯುವ ನಾನು ನನ್ನ ಖರ್ಚಿನ ಹಾಜರಿಯನ್ನು ಒಂದು ದಿನವೂ ಬರೆದಿರಲಿಲ್ಲ.

೨೦೨೫ರ ಯುಗಾದಿಗೆ ಇಂಡಿ ತಾಲ್ಲೂಕಿನ ನಮ್ಮ ಊರಿಗೆ ಹೋದಾಗ, ಅವ್ವನ ಸಕ್ಕರೆ ಕಾಯಿಲೆಯ ಗುಳಿಗೆಗಳು ಡಬ್ಬಿಯಲ್ಲಿ ಅರ್ಧರ್ಧ ಮುರಿದು ಇಟ್ಟಿರುವುದನ್ನು ಕಂಡೆ. ಎರಡು ತಿಂಗಳಿಂದ ನಾನು ಕಡಿಮೆ ಹಣ ಕಳಿಸಿದ್ದೆ. ಕೇಳಿದರೆ, “ನಿನಗೂ ಅಲ್ಲಿ ತ್ರಾಸು ಇರ್ತದಲ್ಲೋ ತಮ್ಮಾ, ಅದಕ್ಕ ಅರ್ಧ ತಗೊಂಡೆ” ಎಂದಳು. ಆ ಔಷಧದ ಬೆಲೆ ತಿಂಗಳಿಗೆ ೮೫೦ ರೂಪಾಯಿ. ಮುಂಬಯಿಗೆ ಮರಳಿದ ದಿನವೇ ಒಂದು ವಹಿ ತೆಗೆದು ಲೆಕ್ಕ ಬರೆಯತೊಡಗಿದೆ. ಆ ವಹಿ ಕಲಿಸಿದ ಪಾಠವೇ ಈ ಲೇಖನ.

೧. ಹಣ ಸೋರುವ ವೇಳೆ

ಮೊದಲ ತಿಂಗಳಲ್ಲಿ ೧೭ ಸಂಜೆ ನಾನು ಹೊರಗೆ ಉಂಡಿದ್ದೆ. ಒಂದು ಊಟಕ್ಕೆ ಸರಾಸರಿ ೧೦೦ ರೂಪಾಯಿಯಂತೆ ೧,೭೦೦ ರೂಪಾಯಿ. ಆ ೧೭ ದಿನಗಳನ್ನು ಗಿರಣಿಯ ಹಾಜರಿಯೊಡನೆ ತಾಳೆ ನೋಡಿದೆ. ಎಲ್ಲವೂ ಓವರ್‌ಟೈಮಿನ ದಿನಗಳು, ಇಲ್ಲವೆ ಲೋಕಲ್ ಗಾಡಿ ತಡವಾದ ದಿನಗಳು. ಆ ಸಂಜೆಗಳಲ್ಲಿಯೂ ಕೋಣೆಯಲ್ಲಿ ಅಕ್ಕಿ ಇತ್ತು, ಬೇಳೆ ಇತ್ತು. ಇಲ್ಲದ್ದು ಒಲೆ ಹಚ್ಚುವ ತ್ರಾಣ ಮಾತ್ರ.

ನಮ್ಮ ಹಣ ಹಸಿವಿನಿಂದ ಹೋಗುವುದಿಲ್ಲ, ದಣಿವಿನಿಂದ ಹೋಗುತ್ತದೆ. ಆದಕಾರಣ ಕಡಿಮೆ ಉಣ್ಣುವುದು ಇದಕ್ಕೆ ಮದ್ದಲ್ಲ. ಮೈಯಲ್ಲಿ ಕಸುವಿರುವ ರಜೆಯ ದಿನ, ದಣಿಯುವ ದಿನಗಳಿಗಾಗಿ ಬೇಯಿಸಿಡುವುದೇ ಮದ್ದು.

ಇದು ಖಾನಾವಳಿಯನ್ನು ಹಳಿಯುವ ಮಾತಲ್ಲ. ಮನೆಮಠ ಬಿಟ್ಟು ಬಂದ ಗಿರಣಿ ಕಾರ್ಮಿಕರಿಗೆ ಈ ಊರಿನಲ್ಲಿ ಅನ್ನವಿಕ್ಕಿದವರು ಖಾನಾವಳಿ ನಡೆಸಿದ ಹೆಣ್ಣುಮಕ್ಕಳು. ಅವರನ್ನೇ ಸಂಘಟಿಸಿ ಪ್ರೇಮಾ ಪುರವ ಅವರು ೧೯೭೫ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು. ಒಬ್ಬಂಟಿಯಾಗಿ ಇರುವವನಿಗೆ ತಿಂಗಳ ಖಾನಾವಳಿಯೇ ಅಗ್ಗವಾಗಬಹುದು. ನಾನು ಹೇಳುತ್ತಿರುವುದು ಮೂರು ನಾಲ್ಕು ಜನ ಕೂಡಿ ಇರುವ ಕೋಣೆಯ ಲೆಕ್ಕ.

೨. ಫ್ರಿಜ್ಜಿನ ಲೆಕ್ಕ

ನಮ್ಮ ಕೋಣೆಯಲ್ಲಿ ನಾಲ್ವರು. ತಲೆಗೆ ೧,೫೦೦ ಹಾಕಿ ೬,೦೦೦ ರೂಪಾಯಿಗೆ ಒಂದೇ ಬಾಗಿಲಿನ ಫ್ರಿಜ್ಜೊಂದನ್ನು ಎರಡನೆಯ ಕೈಯಿಂದ ಕೊಂಡೆವು. ಅದರ ನಕ್ಷತ್ರದ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ನಮ್ಮದರಲ್ಲಿ ೧೬೦. ಯೂನಿಟ್ಟಿಗೆ ೮ ರೂಪಾಯಿ ಹಿಡಿದರೆ ವರ್ಷಕ್ಕೆ ೧,೨೮೦, ತಿಂಗಳಿಗೆ ಸುಮಾರು ೧೦೭, ತಲೆಗೆ ೨೭. ಹಳೆಯ ಯಂತ್ರ ಇನ್ನೂ ಹೆಚ್ಚು ಎಳೆಯಬಹುದು. ಒಳಗೆ ಹಿಮ ದಪ್ಪಗೆ ಕಟ್ಟಿದರೆ ಕರೆಂಟು ವ್ಯರ್ಥ. ಆಗಾಗ ಕರಗಿಸಿ ಒರೆಸಬೇಕು.

ಅನ್ನ, ಸಾರು, ಪಲ್ಯದ ಊಟಕ್ಕೆ ಗ್ಯಾಸ್ ಸೇರಿ ತಲೆಗೆ ಸುಮಾರು ೩೦ ರೂಪಾಯಿ ಬೀಳುತ್ತದೆ. ಹೊರಗಿನ ಊಟ ೧೭ರಿಂದ ೪ಕ್ಕೆ ಇಳಿಯಿತು. ತಪ್ಪಿದ ೧೩ ಊಟಗಳಲ್ಲಿ ಒಂದೊಂದಕ್ಕೆ ೭೦ರಂತೆ ೯೧೦ ಉಳಿಯಿತು. ಕರೆಂಟಿನ ೨೭ ಕಳೆದರೆ ೮೮೩. ಹಾಕಿದ ಬಂಡವಾಳ ಎರಡು ತಿಂಗಳೊಳಗೆ ಮರಳಿತು. ಆ ಮೇಲಿನ ೮೮೩ರಲ್ಲಿ ಅವ್ವನ ಔಷಧ ಹೋಗಿ ೩೩ ರೂಪಾಯಿ ಮಿಗುತ್ತದೆ.

೩. ಏನನ್ನು ಕೂಡಿಡಬೇಕು?

ಹುರುಳಿ: ಉಡುಪಿಯ ಕಡೆಯ ಗೆಳೆಯರಿಗೂ ನನಗೂ ಜಗಳವಿಲ್ಲದ ಧಾನ್ಯ. ಶನಿವಾರ ರಾತ್ರಿ ಅರ್ಧ ಕಿಲೋ ನೆನೆಹಾಕಿ, ಭಾನುವಾರ ಕುಕ್ಕರಿನಲ್ಲಿ ಬೇಯಿಸಬೇಕು. ನೆನೆದ ಕಾಳಿಗೆ ಗ್ಯಾಸ್ ಕಡಿಮೆ ಸಾಕು. ಬಸಿದ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ನಾಲ್ವರಿಗೆ ಮೂರು ಸಂಜೆ ಬರುತ್ತದೆ.

ತೊಗರಿ ಬೇಳೆ: ಅರಿಶಿನ ಮಾತ್ರ ಹಾಕಿ ಗಟ್ಟಿಯಾಗಿ ಬೇಯಿಸಿ, ಒಂದೊಂದು ಹೊತ್ತಿನ ಪಾಲು ಮಾಡಿಡಬೇಕು. ಸಂಜೆ ನೀರು, ತರಕಾರಿ, ಹುಳಿಪುಡಿ ಹಾಕಿ ಕುದಿಸಿದರೆ ಸಾಂಬಾರು.

ತೆಂಗಿನ ತುರಿ: ಕಾಯಿ ಅಗ್ಗವಾದಾಗ ತುರಿದು, ಚಪ್ಪಟೆಯಾದ ಚಿಕ್ಕ ಪೊಟ್ಟಣಗಳಲ್ಲಿ ಇಡಿ. ಅರ್ಧ ಬಳಸಿದ ಕಾಯಿ ಹಳಸಿ ಎಸೆಯುವುದು ತಪ್ಪುತ್ತದೆ.

ಹಸಿ ಬಟಾಣಿ, ಅವರೆಕಾಳು: ಚಳಿಗಾಲದಲ್ಲಿ ಅಗ್ಗ. ಬಿಡಿಸಿದ ಬಟಾಣಿಯನ್ನು ಕುದಿಯುವ ನೀರಿನಲ್ಲಿ ಒಂದೂವರೆ ಎರಡು ನಿಮಿಷ ಅದ್ದಿ, ಕೂಡಲೇ ತಣ್ಣೀರಿಗೆ ಹಾಕಿ, ನೀರಾರಿಸಿ ಕಟ್ಟಿಡಬೇಕು. ಹೀಗೆ ಮಾಡದಿದ್ದರೆ ಕಾಳಿನೊಳಗಿನ ಕಿಣ್ವಗಳು ಚಳಿಯಲ್ಲಿಯೂ ಮೆಲ್ಲಗೆ ಕೆಲಸ ಮಾಡಿ ಬಣ್ಣ ರುಚಿ ಕೆಡಿಸುತ್ತವೆ. ಅವರೆಗೂ ಇದೇ ಕ್ರಮ. ಕಾಳು ದಪ್ಪವಿದ್ದರೆ ಇನ್ನೊಂದು ನಿಮಿಷ.

ಆಲೂಗಡ್ಡೆ, ಸೌತೆಕಾಯಿ, ಮೊಸರು, ಬೇಯಿಸಿದ ಮೊಟ್ಟೆ ಇವು ಹೆಪ್ಪುಗಟ್ಟಿ ಕರಗಿದ ಮೇಲೆ ನೀರೊಡೆದು ಹದಗೆಡುತ್ತವೆ, ಇಡಬೇಡಿ. ನೀರು ಹೆಪ್ಪುಗಟ್ಟಿದಾಗ ಹಿಗ್ಗುವುದರಿಂದ ಡಬ್ಬಿಯನ್ನು ಕಂಠದವರೆಗೆ ತುಂಬಬೇಡಿ.

ಸೊನ್ನೆಗಿಂತ ೧೮ ಡಿಗ್ರಿ ಕೆಳಗಿರುವ ಪ್ರತ್ಯೇಕ ಫ್ರೀಜರಿನಲ್ಲಿ ಬಟಾಣಿ ಎಂಟು ತಿಂಗಳು ಚೆನ್ನಾಗಿರುತ್ತದೆ. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಗೂಡಿಗೆ ಅಷ್ಟು ಚಳಿ ಬರುವುದಿಲ್ಲ. ಆದ್ದರಿಂದ ನಾವು ಬೇಯಿಸಿದ್ದನ್ನು ಭಾನುವಾರದಿಂದ ಭಾನುವಾರಕ್ಕೆ ಮುಗಿಸಿಬಿಡುತ್ತೇವೆ.

೪. ನನ್ನ ತಪ್ಪಿನಿಂದ ಕಲಿತದ್ದು

ಮೇ ತಿಂಗಳ ಸೆಕೆಯಲ್ಲಿ ಒಂದು ರಾತ್ರಿಯ ಅನ್ನ ಬೆಳಗಿನವರೆಗೆ ಪಾತ್ರೆಯಲ್ಲಿಯೇ ಉಳಿದಿತ್ತು. ಎಸೆಯಲು ಮನಸ್ಸು ಬಾರದೆ ನಾನು ಅದನ್ನು ಮೇಲಿನ ಗೂಡಿಗೆ ಹಾಕಿದೆ. ಎರಡು ದಿನದ ಮೇಲೆ ಬಿಸಿಮಾಡಿ ಉಂಡೆವು. ಇಬ್ಬರಿಗೆ ವಾಂತಿಯಾಗಿ ಎರಡೆರಡು ದಿನದ ಸಂಬಳ ಹೋಯಿತು. ಅಷ್ಟು ಅನ್ನದ ಬೆಲೆ ಹದಿನೈದು ರೂಪಾಯಿಯೂ ಇರಲಾರದು.

ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ಚಳಿಯು ಇಂಥ ಜೀವಿಗಳನ್ನು ಮಲಗಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ಆದಕಾರಣ ಈ ನಿಯಮಗಳನ್ನು ಗೋಡೆಗೆ ಅಂಟಿಸಿದ್ದೇವೆ:

(ಅ) ಬೇಯಿಸಿದ್ದನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಎರಡು ಗಂಟೆಯೊಳಗೆ ಒಳಗಿಡಬೇಕು. ಬೇಸಿಗೆಯಲ್ಲಿ ಒಂದೇ ಗಂಟೆ.
(ಆ) ಪೊಟ್ಟಣದ ಮೇಲೆ ತಾರೀಖು ಬರೆಯಬೇಕು. ಹಳೆಯದು ಮೊದಲು.
(ಇ) ತೆಗೆದದ್ದನ್ನು ಕೆಳಗಿನ ಗೂಡಿನಲ್ಲಿ ಕರಗಿಸಿ, ಇಲ್ಲವೆ ನೇರ ಪಾತ್ರೆಗೆ ಹಾಕಿ, ಕೊತಕೊತನೆ ಕುದಿಸಿಯೇ ಉಣ್ಣಬೇಕು.
(ಈ) ಕರಗಿದ ಅಡಿಗೆಯನ್ನು ಮತ್ತೆ ಹೆಪ್ಪುಗಟ್ಟಿಸಬಾರದು.
(ಉ) ಅನುಮಾನ ಬಂದರೆ ಎಸೆಯಬೇಕು.

ಅನ್ನವನ್ನು ಕೂಡಿಡುವುದನ್ನು ನಾವು ಬಿಟ್ಟೇಬಿಟ್ಟೆವು. ಸಾರು ಸಿದ್ಧವಿದ್ದರೆ ಕುಕ್ಕರಿನಲ್ಲಿ ಅನ್ನ ಮಾಡುವುದು ದಣಿದವನಿಗೂ ಭಾರವಲ್ಲ.

೫. ಫ್ರಿಜ್ಜು ಇಲ್ಲದವರಿಗೆ

ಕೂಡಿಡುವ ವಿದ್ಯೆ ಯಂತ್ರದೊಡನೆ ಬಂದದ್ದಲ್ಲ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಬಯಲುಸೀಮೆಯ ಕಪಾಟಾದರೆ, ಹಪ್ಪಳ, ಉಪ್ಪಿನಕಾಯಿ, ಉಪ್ಪುನೀರಿನ ಹಲಸಿನ ಸೊಳೆ ಕರಾವಳಿಯ ಕಪಾಟು. ನೀರಿನಂಶ ತೆಗೆದರೆ ಅಥವಾ ಉಪ್ಪು ಹೆಚ್ಚಿದರೆ ಕೊಳೆಸುವ ಜೀವಿಗಳು ಬೆಳೆಯಲಾರವು ಎಂಬುದನ್ನು ನಮ್ಮ ಅಜ್ಜಿಯರು ಅನುಭವದಿಂದ ಬಲ್ಲವರಾಗಿದ್ದರು. ಊರಿನಿಂದ ಬರುವಾಗ ಇವುಗಳಿಗೆ ಚೀಲದಲ್ಲಿ ಜಾಗ ಮಾಡಿ. ಮುಂಬಯಿಯ ಮಳೆಗಾಲದಲ್ಲಿ ಮಾತ್ರ ಬಿಗಿ ಮುಚ್ಚಳದ ಡಬ್ಬಿ ಬೇಕು.

ಅಭ್ಯಾಸ

೧. ಒಂದು ವಾರ ಹೊರಗಿನ ಊಟ, ತಿಂಡಿಯ ಖರ್ಚನ್ನು ಬರೆಯಿರಿ. ಪಕ್ಕದಲ್ಲಿ ಆ ದಿನ ಎಷ್ಟು ಗಂಟೆ ದುಡಿದಿರಿ ಎಂಬುದನ್ನೂ ಬರೆಯಿರಿ.
೨. ನಿಮ್ಮ ಕೋಣೆಯ ಒಂದು ಊಟದ ನಿಜವಾದ ಬೆಲೆ ಎಷ್ಟು? ಗ್ಯಾಸನ್ನು ಮರೆಯಬೇಡಿ.
೩. ಇವೆರಡರ ಅಂತರದಿಂದ ಊರಿನ ಯಾವ ಖರ್ಚು ನಡೆದೀತು?

ಲೆಕ್ಕದಲ್ಲಿ ತೊಡಕು ಬಂದವರು ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ವಹಿ ತನ್ನಿ, ಕೂಡಿ ನೋಡೋಣ. ಮೂರನೆಯ ಪ್ರಶ್ನೆಯ ಉತ್ತರವನ್ನು ನನಗೆ ತೋರಿಸಬೇಕಾಗಿಲ್ಲ. ಅದು ಊರಿನಲ್ಲಿರುವವರಿಗೆ ಮುಟ್ಟಿದರೆ ಸಾಕು.